ಕಾಳಿಗೆ ಕಲ್ಲು, ಚುಕ್ಕಿಗೆ ಕಾಗದ

ನಮ್ಮ ಮನೆಗೆ ಚುಕ್ಕಿ ಬಂದದ್ದು 1994ರ ಆಷಾಢದಲ್ಲಿ. ಆಷಾಢದಲ್ಲಿ ಹೊಸದೇನನ್ನೂ ಮನೆಗೆ ತರಬಾರದೆಂದು ಅತ್ತೆಯವರು ಹೇಳುತ್ತಿರುವಾಗಲೇ ಮಗ ಶಾಲೆಯ ಚೀಲದಿಂದ ಅದನ್ನು ಹೊರಗೆ ತೆಗೆದ. ಎರಡು ಬೊಗಸೆಯಲ್ಲಿ ಹಿಡಿಸುವಂಥ ಮರಿ, ಮೈಯೆಲ್ಲ ಕಂದು, ಹಣೆಯ ಮೇಲೊಂದು ಬಿಳಿ ಚುಕ್ಕಿ. ನೆಲಕ್ಕಿಳಿಸಿದ ಕೂಡಲೇ ಅದು ಒಂದು ಸುತ್ತು ತಿರುಗಿ, ನೆಲ ಮೂಸಿ, ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಸರಿಯಾಗಿ ಎದುರು ಕುಳಿತು ತನ್ನ ಕೆಲಸ ಮುಗಿಸಿತು. ಮಗ ನಕ್ಕ. ನಮ್ಮ ಯಜಮಾನರು ಪತ್ರಿಕೆಯಿಂದ ತಲೆಯೆತ್ತಿ, "ಒಂದು ಬಟ್ಟೆ ತಗೊಂಡು ಬಾ" ಎಂದರು. ಯಾರಿಗೆ ಹೇಳಿದರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆಯವರು ತೀರ್ಪು ಕೊಟ್ಟರು: "ಗೌರಿ ಹಬ್ಬದೊಳಗೆ ಇದು ಹೊರಗೆ ಹೋಗೋದನ್ನ ಕಲೀಬೇಕು. ಇಲ್ದಿದ್ರೆ ಇದೇ ಹೊರಗೆ ಹೋಗಬೇಕು."

ನನಗೆ ಎರಡು ತಿಂಗಳ ಗಡುವು ಸಿಕ್ಕಿತು. ಈ ಕೆಲಸ ನನಗೆ ಹೊಸದು. ನಾಯಿಯೇನೂ ಹೊಸದಲ್ಲ. ನನ್ನ ತವರಿನಲ್ಲಿ ಸದಾ ಒಂದು ನಾಯಿ ಇದ್ದೇ ಇರುತ್ತಿತ್ತು. ಅದು ಹಿತ್ತಿಲಲ್ಲಿ ಹುಟ್ಟಿ, ಹಿತ್ತಿಲಲ್ಲಿ ಬೆಳೆದು, ಜಗಲಿಯ ಕೆಳಗೆ ಮಲಗಿ, ಬಾಳೆಲೆಯ ಮೇಲೆ ಉಳಿದದ್ದನ್ನು ತಿಂದು ಮುದಿಯಾಗುತ್ತಿತ್ತು. ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ. ಒಳಗೆ ಬಾರದ ನಾಯಿಗೆ ಹೊರಗೆ ಹೋಗುವುದನ್ನು ಕಲಿಸುವ ಪ್ರಶ್ನೆ ಎಲ್ಲಿ ಬಂತು? ಮೂವತ್ತು ನಲವತ್ತರ ನಿವೇಶನದಲ್ಲಿ ಹಿತ್ತಿಲೆಂಬುದು ಬಟ್ಟೆ ಒಗೆಯುವ ಕಲ್ಲಿನಷ್ಟಕ್ಕೆ ಇಳಿದು, ಸಗಣಿ ಸಾರಿಸಿದ ನೆಲ ಹೋಗಿ ಮೊಸಾಯಿಕ್ ಬಂದ ಮೇಲೆ ಹುಟ್ಟಿದ ತಾಪತ್ರಯ ಇದು. ಮಣ್ಣಿನ ನೆಲ ಕುಡಿದುಬಿಡುತ್ತಿತ್ತು. ಮೊಸಾಯಿಕ್ ಎತ್ತಿ ತೋರಿಸುತ್ತದೆ.

ಪಕ್ಕದ ಮನೆಯವರೊಬ್ಬರು ಉಪಾಯ ಹೇಳಿದರು. ಮರಿ ಎಲ್ಲಿ ಗಲೀಜು ಮಾಡುತ್ತದೋ ಅಲ್ಲಿಗೆ ಅದನ್ನು ಎಳೆದುಕೊಂಡು ಹೋಗಿ, ಮೂತಿಯನ್ನು ಅದಕ್ಕೆ ತಿಕ್ಕಿ, ಸುತ್ತಿದ ಪತ್ರಿಕೆಯಿಂದ ಎರಡು ಬಿಗಿಯಬೇಕಂತೆ. ಯಜಮಾನರು ಒಂದು ಸಲ ಹಾಗೆ ಮಾಡಿಯೂ ಮಾಡಿದರು. ಚುಕ್ಕಿ ಕಿವಿ ಹಿಂದಕ್ಕೆ ಮಾಡಿ, ಬಾಲ ಕಾಲಸಂದಿಗೆ ಸೇರಿಸಿ ಮಂಚದಡಿಗೆ ನುಗ್ಗಿತು. "ನೋಡು, ತಪ್ಪು ಗೊತ್ತಾಗಿದೆ ಅದಕ್ಕೆ" ಎಂದರು. ಗೊತ್ತಾದದ್ದು ಬೇರೆಯೇ. ಮರುದಿನದಿಂದ ಅದು ನಮ್ಮೆದುರಿಗೆ ಮಾಡುವುದನ್ನು ಬಿಟ್ಟು, ಅದೇ ಮಂಚದಡಿಯಲ್ಲಿ ಗುಟ್ಟಾಗಿ ಮಾಡತೊಡಗಿತು. ಬಗ್ಗಿ ಒರೆಸುವ ಕೆಲಸ ಇನ್ನಷ್ಟು ಕಷ್ಟವಾಯಿತು.

ಮಹಾಭಾರತದ ಆದಿಪರ್ವದ ಮೊದಲಲ್ಲೇ ಬರುವ ಒಂದು ಕಥೆ ಆಗ ನನಗೆ ನೆನಪಾಯಿತು. ಜನಮೇಜಯನೂ ಅವನ ತಮ್ಮಂದಿರೂ ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿರುವಾಗ ದೇವಲೋಕದ ನಾಯಿ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ. ಸರಮೆ ನೇರವಾಗಿ ಯಾಗಶಾಲೆಗೇ ಬಂದು, ತಪ್ಪು ಮಾಡದ ಮಗುವನ್ನು ಹೊಡೆದದ್ದೇಕೆಂದು ಕೇಳುತ್ತಾಳೆ. ಯಾರೂ ಬಾಯಿ ಬಿಡುವುದಿಲ್ಲ. ಆಕೆ ಶಪಿಸಿ ಹೋಗುತ್ತಾಳೆ. ಅಷ್ಟು ದೊಡ್ಡ ರಾಜ ಆ ಶಾಪಕ್ಕೆ ಹೆದರಿ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ.

2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ನಾಯಿಗಳ ಈ 'ತಪ್ಪಿತಸ್ಥ ಮುಖ'ವನ್ನು ಪರೀಕ್ಷಿಸಿದರು. ತಿನ್ನಬೇಡವೆಂದು ಹೇಳಿದ ತಿಂಡಿಯನ್ನು ನಾಯಿಯ ಮುಂದಿಟ್ಟು ಒಡೆಯರನ್ನು ಹೊರಗೆ ಕಳಿಸುವುದು. ಅವರು ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ಸುಳ್ಳಾಗಿ ತಿಳಿಸುವುದು. ಮುಖ ಸಪ್ಪಗಾಗುವುದು ತಿಂದದ್ದರಿಂದ ಅಲ್ಲ, ಬೈಗುಳದಿಂದ ಎಂದು ಕಂಡುಬಂತು. ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಆ ಮುಖ ಹೆಚ್ಚಾಗಿತ್ತು. ಸರಮೆ ಕೇಳಿದ್ದೂ ಇದನ್ನೇ ಅಲ್ಲವೇ?

ನಿಜ ಹೇಳಬೇಕೆಂದರೆ ಮರಿಗೆ ಶುಚಿಯ ಮೊದಲ ಪಾಠ ತಾಯಿಯಿಂದಲೇ ಆಗಿರುತ್ತದೆ. ಹುಟ್ಟಿದ ಮೊದಲ ಎರಡು ಮೂರು ವಾರ ತಾಯಿ ಹೊಟ್ಟೆ ನೆಕ್ಕಿದರೇ ಮರಿಗೆ ಬಾಧೆ ತೀರುವುದು. ತೀರಿದ್ದನ್ನು ತಾಯಿಯೇ ಶುದ್ಧ ಮಾಡುತ್ತಾಳೆ, ಗೂಡು ಒಣಗಿರುತ್ತದೆ. ಮೂರು ವಾರ ದಾಟಿ ಕಾಲು ಬಲಿಯುತ್ತಿದ್ದಂತೆ ಮರಿಗಳು ತಾವಾಗಿ ಮಲಗುವ ಜಾಗ ಬಿಟ್ಟು ಆಚೆ ಹೋಗುತ್ತವೆ. ಎಂಟು ವಾರದ ಹೊತ್ತಿಗೆ ಒಂದು ಗೊತ್ತಾದ ಜಾಗವನ್ನೂ ಹುಡುಕಿಕೊಳ್ಳುತ್ತವೆ. ಮಲಗುವ ಜಾಗ ಕೊಳೆಯಾಗಬಾರದೆಂಬ ಬುದ್ಧಿ ಅವಕ್ಕೆ ಇದ್ದೇ ಇದೆ. ನಡುಮನೆ, ದೇವರ ಕೋಣೆ, ಅಡಿಗೆಮನೆ ಎಲ್ಲವೂ ಸೇರಿ ಒಂದೇ ಗೂಡು ಎಂಬುದು ಮಾತ್ರ ಗೊತ್ತಿಲ್ಲ. ಅಷ್ಟು ದೊಡ್ಡ ಗೂಡನ್ನು ಯಾವ ನಾಯಿ ಕಂಡಿದೆ!

ಒಳಗೆ ಬಂದ ನಾಯಿಯ ಚರಿತ್ರೆ ಎಂದರೆ ನೆಲದ ಚರಿತ್ರೆ. ಇಂಗ್ಲೆಂಡಿನವರು ನಾಯಿಯನ್ನು ತಲೆಯ ಮೇಲೆ ಹೊತ್ತವರೆಂದು ಹೆಸರಾಗಿದ್ದಾರೆ. ಆದರೆ 1526ರಲ್ಲಿ ಎಂಟನೆಯ ಹೆನ್ರಿಯ ಅರಮನೆಗೆಂದು ಮಾಡಿದ ಕಟ್ಟಳೆಯಲ್ಲಿ, ಆಸ್ಥಾನದೊಳಗೆ ಬೇಟೆನಾಯಿಗಳನ್ನು ಇಡಕೂಡದು, ಮನೆ ಶುಚಿಯಾಗಿರಬೇಕು ಎಂದು ಬರೆದಿದೆ. ಹೆಂಗಸರು ಸಾಕುವ ಕೆಲವು ಪುಟ್ಟ ಸ್ಪ್ಯಾನಿಯಲ್‌ಗಳಿಗೆ ಮಾತ್ರ ವಿನಾಯಿತಿ. ಏಕೆ ಬೇಕಾಯಿತು ಈ ಕಟ್ಟಳೆ ಎಂಬುದು ಅದೇ ಕಾಲದ ವಿದ್ವಾಂಸ ಇರಾಸ್ಮಸ್ ಬರೆದ ಒಂದು ಕಾಗದದಿಂದ ತಿಳಿಯುತ್ತದೆ. ಇಂಗ್ಲಿಷರ ಮನೆಗಳಲ್ಲಿ ಜೇಡಿಮಣ್ಣಿನ ನೆಲದ ಮೇಲೆ ಜೊಂಡುಹುಲ್ಲು ಹರಡುತ್ತಾರೆ, ಮೇಲಿನದನ್ನು ಆಗಾಗ ಬದಲಿಸಿದರೂ ಅಡಿಯದನ್ನು ಕೆಲವೊಮ್ಮೆ ಇಪ್ಪತ್ತು ವರ್ಷ ಮುಟ್ಟುವುದಿಲ್ಲ, ಅದರಲ್ಲಿ ಉಗುಳು, ವಾಂತಿ, ನಾಯಿಯ ಮತ್ತು ಮನುಷ್ಯರ ಮೂತ್ರ, ಮೀನಿನ ಚೂರು ಎಲ್ಲ ಸೇರಿರುತ್ತದೆ ಎಂದು ಆತ ಮೂಗು ಮುಚ್ಚಿಕೊಂಡೇ ಬರೆದಿದ್ದಾನೆ. ಅಂಥ ನೆಲದ ಮೇಲೆ ಮರಿಗೆ ಯಾರು ಏನು ಕಲಿಸಬೇಕಿತ್ತು?

ಮೂರು ಶತಮಾನ ಕಳೆದ ಮೇಲೆ ಲಂಡನ್ನಿನ ಬೀದಿಯಲ್ಲಿ ಇನ್ನೊಂದು ಚಿತ್ರ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರ ಸುಮಾರಿಗೆ ಅಲ್ಲಿನ ಬಡವರ ಕಸುಬುಗಳನ್ನು ಒಂದೊಂದಾಗಿ ವಿಚಾರಿಸಿ ಬರೆದ. ಅದರಲ್ಲೊಂದು, ಬೀದಿಯಲ್ಲಿ ಬಿದ್ದ ನಾಯಿಯ ಹೇಲನ್ನು ಬಕೆಟ್ಟಿಗೆ ತುಂಬಿ ಬರ್ಮಂಡ್ಸಿಯ ಚರ್ಮ ಹದಮಾಡುವವರಿಗೆ ಮಾರುವುದು. ಬಕೆಟ್ಟಿಗೆ ಎಂಟರಿಂದ ಹತ್ತು ಪೆನ್ಸ್. ಮೇಹ್ಯೂ ಬರೆಯುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ಹಿಂದಿನವರೆಗೂ ಗಂಡಸರು ಈ ಕೆಲಸಕ್ಕೆ ಇಳಿದಿರಲೇ ಇಲ್ಲವಂತೆ, ಮುದುಕಿಯರೇ ಆಯುತ್ತಿದ್ದರಂತೆ. ಅದರಿಂದ ಹದವಾದ ನಯವಾದ ಚರ್ಮ ಸಿರಿವಂತ ಹೆಂಗಸರ ಕೈಚೀಲದಂಥ ಕೈಗವಸುಗಳಾಗುತ್ತಿತ್ತು, ಪುಸ್ತಕಗಳ ರಟ್ಟಾಗುತ್ತಿತ್ತು. ಆ ಸರಕಿಗೆ ಇದ್ದ ಹೆಸರು 'ಪ್ಯೂರ್', ಅಂದರೆ ಶುದ್ಧ. ಚರ್ಮವನ್ನು ಶುದ್ಧಗೊಳಿಸುತ್ತದೆಂದು ಆ ಹೆಸರು. ಇದನ್ನು ನಾನು ಓದಿ ಹೇಳಿದಾಗ ಮಡಿಯಲ್ಲಿದ್ದ ಅತ್ತೆಯವರು, "ಸಾಕು ನಿಲ್ಲಿಸು, ಅಡಿಗೆ ಆಗಬೇಕು" ಎಂದರು.

ಮನೆಯೊಳಗೆ ನಾಯಿ ಬಂದ ಮೇಲೂ ಅದನ್ನು ಪಳಗಿಸುವ ಪುಸ್ತಕಗಳು ಮನೆಯಿಂದ ಬರಲಿಲ್ಲ. ನಾಯಿ ತರಬೇತಿಗೆ ಬಲು ಹೆಸರಾದ ಹಳೆಯ ಕೈಪಿಡಿ 1910ರಲ್ಲಿ ಜರ್ಮನಿಯಲ್ಲಿ ಬಂತು. ಬರೆದ ಕೊನ್ರಾಡ್ ಮೋಸ್ಟ್ ಸಾರ್‌ಬ್ರುಕನ್ನಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, 1906ರಿಂದ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದವನು. ಪ್ರಾಣಿ ಹೇಗೆ ಕಲಿಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಬಹುಮಾನದ ಬೆಲೆಯನ್ನೂ ಬಲ್ಲ. ಆದರೂ ಅವನ ಹತ್ಯಾರ ಹೆಚ್ಚಾಗಿ ಬಲವಂತವೇ. ಲಾಯದಿಂದ, ಠಾಣೆಯಿಂದ, ದಂಡಿನಿಂದ ಬಂದ ಆ ಪಾಠ ನಡುಮನೆಗೂ ಇಳಿದು ಬಂತೆಂದು ಕಾಣುತ್ತದೆ. ಇಲ್ಲದಿದ್ದರೆ ಸುತ್ತಿದ ಪತ್ರಿಕೆಯ ಉಪಾಯ ನಮ್ಮ ಪಕ್ಕದ ಮನೆಯವರೆಗೆ ತಲುಪುತ್ತಿರಲಿಲ್ಲ.

ದಾರಿ ಬದಲಾದದ್ದು ಕಡಲಿನ ಕಡೆಯಿಂದ. 1960ರ ದಶಕದಲ್ಲಿ ಹವಾಯಿಯ ಒಂದು ಜಲಚರಗಳ ಉದ್ಯಾನದಲ್ಲಿ ಕ್ಯಾರೆನ್ ಪ್ರಯರ್ ಎಂಬಾಕೆಗೆ ಡಾಲ್ಫಿನ್‌ಗಳಿಗೆ ಕಲಿಸುವ ಕೆಲಸ ಬಿತ್ತು. ಡಾಲ್ಫಿನ್ನಿಗೆ ಕೊರಳಪಟ್ಟಿ ಹಾಕುವ ಹಾಗಿಲ್ಲ. ಹೊಡೆದರೆ ಅದು ಈಜಿಕೊಂಡು ದೂರ ಹೋಗುತ್ತದೆ, ಅಷ್ಟೇ. ಒಂದು ಸೀಟಿ, ಒಂದು ಮೀನು, ಸರಿಯಾದ ಕ್ಷಣ ಕಾಯುವ ತಾಳ್ಮೆ, ಇಷ್ಟೇ ಸಾಧನ. 1984ರಲ್ಲಿ ಆಕೆ ಬರೆದ 'ನಾಯಿಗೆ ಗುಂಡು ಹೊಡೆಯಬೇಡಿ' ಎಂಬರ್ಥದ ಹೆಸರಿನ ಪುಸ್ತಕ, ಗದರಿಕೆಯಿಲ್ಲದೆ ಕಲಿಸುವ ಈ ಬಗೆಯನ್ನು ಮನೆಮನೆಯ ನಾಯಿಗೂ ತಂದಿತು.

ನಾನು ಆ ಪುಸ್ತಕ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಚುಕ್ಕಿಯ ವಿಷಯದಲ್ಲಿ ನನ್ನನ್ನು ಕಾಪಾಡಿದವರು ಅತ್ತೆಯವರೇ. ಶ್ರಾವಣ ಹುಟ್ಟಿದ ಒಂದು ಬೆಳಿಗ್ಗೆ ಅವರು ಹೂ ಕಟ್ಟುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, "ಅಲ್ಲ ಕಣೇ, ಮರಿ ಎದ್ದಿದೆ, ಸುತ್ತು ತಿರುಗ್ತಿದೆ, ನೀನು ನೋಡ್ತಾ ನಿಂತಿದ್ದೀಯಲ್ಲ, ಎತ್ತಿಕೊಂಡು ಹೋಗಬಾರದಾ?" ಎಂದರು. ಹೋದೆ. ಒಗೆಯುವ ಕಲ್ಲಿನ ಪಕ್ಕದ ಮಣ್ಣಿನಲ್ಲಿ ಬಿಟ್ಟೆ. ಅದು ನನ್ನ ಸೆರಗನ್ನು ಕಚ್ಚಿ ಎಳೆಯುತ್ತ ಆಟಕ್ಕೆ ನಿಂತಿತು. ಆಗ ಒಳಗಿನಿಂದಲೇ ಅತ್ತೆಯವರು, ಎಳೆಗೂಸನ್ನು ಕಾಲ ಮೇಲೆ ಕೂರಿಸಿಕೊಂಡಾಗ ಮಾಡುವ ಹಾಗೆ, "ಶ್ಶ್ಶ್..." ಎಂದು ಸದ್ದು ಮಾಡಿದರು. ಮರಿ ಕುಳಿತದ್ದು ಆ ಸದ್ದಿಗೋ, ಅದಕ್ಕೇ ಬಾಧೆಯಾಗಿಯೋ, ಅಂತೂ ಕುಳಿತಿತು. ಅವರು ಹೊಸಿಲಿನಾಚೆಯಿಂದ ಒಂದು ಚೂರು ಬೆಲ್ಲ ಎಸೆದರು.

ಆರು ಮಕ್ಕಳನ್ನು ಹೆತ್ತು ಸಾಕಿದವರಿಗೆ ಯಾವ ಕೈಪಿಡಿ ಬೇಕು? ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಆಟ ಆಡಿ ದಣಿದ ಮೇಲೆ ಮಗುವಿಗೆ ಬಾಧೆಯಾಗುತ್ತದೆಂದು ಅವರಿಗೆ ಗೊತ್ತು. ಎರಡು ತಿಂಗಳ ಮರಿಯದೂ ಅದೇ ಲೆಕ್ಕ. ಎಚ್ಚರವಿದ್ದಾಗ ಅದಕ್ಕೆ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳುವುದು ಕಷ್ಟ. ಒಂದೇ ಹೊತ್ತು, ಒಂದೇ ಜಾಗ, ಒಂದೇ ಸದ್ದು. ಸದ್ದಿಗೂ ಶರೀರಕ್ಕೂ ಹೀಗೆ ಗಂಟು ಹಾಕಬಹುದೆಂದು ರಷ್ಯಾದ ಪಾವ್ಲೊವ್ ನಾಯಿಗಳ ಜೊಲ್ಲು ಅಳೆದು ತೋರಿಸಿದರು. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಮ್ಮ ಅಜ್ಜಿಯರು ಕೂಸುಗಳನ್ನು ಕಾಲ ಮೇಲೆ ಕೂರಿಸಿಕೊಂಡು ಆ ಗಂಟನ್ನು ಹಾಕುತ್ತಲೇ ಬಂದಿದ್ದರು. ಯಾರೂ ಬರೆದಿಡಲಿಲ್ಲ, ಅಷ್ಟೆ.

ರಾತ್ರಿಯ ಪಾಡಿಗೆ ಪತ್ರಿಕೆ ಹಾಸಿದೆವು. ಪತ್ರಿಕೆಯನ್ನು ದಿನಕ್ಕೊಂದು ಮೊಳದಂತೆ ಹಿತ್ತಿಲ ಬಾಗಿಲಿನತ್ತ ಸರಿಸುತ್ತ ಹೋದೆ. ಒರೆಸುವ ನೀರಿಗೆ ಅಮೋನಿಯಾ ವಾಸನೆಯದನ್ನು ಬೆರೆಸಬಾರದು, ಮರಿಗೆ ಅದು ಮೂತ್ರದ ವಾಸನೆಯಂತೆಯೇ ಅನ್ನಿಸಿ ಮತ್ತೆ ಅಲ್ಲಿಗೇ ಬರುತ್ತದೆಂದು ಆಮೇಲೆ ತಿಳಿಯಿತು. ನಡುವೆ ಒಂದು ರಾತ್ರಿ ಚುಕ್ಕಿಗೆ ಹೊಟ್ಟೆ ಕೆಟ್ಟಿತು. ಎಲ್ಲರೂ ಮಲಗಿದ್ದರು. ಎರಡು ಗಂಟೆಗೆ ನಾನು ಎದ್ದು ಬಂದಾಗ ಅತ್ತೆಯವರು ತಮ್ಮ ಹಳೆಯ ಸೀರೆ ಹರಿದು ಮರಿಯನ್ನು ಒರೆಸುತ್ತಿದ್ದರು. ನನ್ನನ್ನು ಕಂಡು, "ಬೆಳಿಗ್ಗೆ ಹೇಗೂ ಸ್ನಾನ ಮಾಡ್ತೀನಲ್ಲ" ಎಂದರು. ಗೌರಿ ಹಬ್ಬ ಬಂತು, ಹೋಯಿತು. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ವರ್ಷ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವರಿಗೆ ಆತಕೂರಿನ ಕಲ್ಲನ್ನು ತೋರಿಸಿದೆ. ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯ ಊರು ಅದು. ಶಾಸನ ಹಾಕಿಸಿದ್ದು ಶಕ 872, ಅಂದರೆ ಕ್ರಿ.ಶ. 949-50ರಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗರ ಬೂತುಗನೂ, ಅವನ ಆಳು ಮಣಲೇರನೂ ಪರಾಕ್ರಮ ತೋರಿದರು. ಏನು ಬೇಕೆಂದು ಒಡೆಯ ಕೇಳಿದಾಗ ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಗಾಗಿ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಅದನ್ನು ಪೂಜಿಸದೆ ಗೊರವ ಉಣ್ಣಬಾರದೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗ ಇವತ್ತಿಗೂ ಕಾಣುತ್ತದೆ.

ಅತ್ತೆಯವರು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇದನ್ನ ಮರೀಲಿ ಸಾಕಿದೋರ ಹೆಸರು ಬರೆದಿದೆಯಾ?"

ಇಲ್ಲ ಎಂದೆ. ರಾಜರ ಹೆಸರಿದೆ, ಆಳಿನ ಹೆಸರಿದೆ, ನಾಯಿಯ ಹೆಸರೂ ಬೆಟ್ಟದ ಹೆಸರೂ ಇದೆ.

ಅವರು ತೀರಿಕೊಂಡು ವರ್ಷಗಳಾದವು. ಚುಕ್ಕಿಯೂ ಹೋಯಿತು. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ವಿಷಯ ಓದಿದಾಗ ಆ ಪ್ರಶ್ನೆ ಮತ್ತೆ ಕಿವಿಯಲ್ಲಿ ಕೇಳಿಸಿತು. ಜರ್ಮನಿಯ ಬಾನ್ ನಗರದ ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಗಣಿಯ ಕೂಲಿಗಳಿಗೆ ಒಂದು ಹೂಳು ಸಿಕ್ಕಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿ. ಸುಮಾರು 14,000 ವರ್ಷ ಹಿಂದಿನವು. ನಾಯಿ ಎಂದರೆ ಆರೇಳು ತಿಂಗಳ ಮರಿ. ಬೇಟೆ, ಕಾವಲು ಯಾವುದಕ್ಕೂ ಇನ್ನೂ ಒದಗಿರಲಾರದು. ಅದರ ಹಲ್ಲಿನ ಮೇಲ್ಪದರದಲ್ಲಿ ಉಳಿದ ಗೆರೆಗಳನ್ನು ನೋಡಿ, ಅದಕ್ಕೆ ನಾಲ್ಕೈದು ತಿಂಗಳಿದ್ದಾಗ ಡಿಸ್ಟೆಂಪರ್ ರೋಗ ಬಂದಿರಬೇಕೆಂದು ಸಂಶೋಧಕರು ಕಂಡುಕೊಂಡರು. ವಾಂತಿ, ಭೇದಿ, ಜ್ವರದ ರೋಗ ಅದು. ಯಾರೂ ನೋಡಿಕೊಳ್ಳದಿದ್ದರೆ ಅಂಥ ಮರಿ ಮೂರು ವಾರದೊಳಗೆ ಸಾಯಬೇಕು. ಇದು ವಾರಗಟ್ಟಲೆ ಬದುಕಿತ್ತು. ಯಾರೋ ಅದನ್ನು ಬೆಚ್ಚಗೆ ಇಟ್ಟು, ನೀರು ಕುಡಿಸಿ, ಒರೆಸಿ ಶುಚಿ ಮಾಡುತ್ತಿದ್ದರು.