ಹಾರುವ ಓತಿಯೂ ಸೈನ್ಸ್ ಫಿಕ್ಷನ್ನೂ

ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಉಂಟಾ ಅಂತ ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿದರೆ ರಾಜಶೇಖರ ಭೂಸನೂರಮಠರ ಹೆಸರು ಬರುತ್ತದೆ. ಅವರ 'ಮನ್ವಂತರ' ಓದಬೇಕಾದ್ದೇ. ನಾನು ಮಾತ್ರ ಮೊದಲು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರ ಕಾದಂಬರಿ. "ಅದರಲ್ಲಿ ರಾಕೆಟ್ಟಿಲ್ಲ, ರೋಬೋಟಿಲ್ಲ, ಅದು ಹೇಗೆ?" ಅಂತ ತಕ್ಷಣ ಜಗಳ ಶುರು.

ರಾಕೆಟ್ ಇರಲೇಬೇಕು ಅಂತ ಹೇಳಿದ್ದು ಯಾರು? ಈ ಪ್ರಕಾರದ ಮೊದಲ ಪುಸ್ತಕ ಅಂತ ಬಹಳ ಜನ ಒಪ್ಪುವ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818) ಭೂಮಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಎಚ್.ಜಿ. ವೆಲ್ಸ್ 1895ರಲ್ಲಿ 'ಟೈಮ್ ಮಷೀನ್' ಬರೆದಾಗ ಅವರನ್ನು ಕಾಡಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಡಾರ್ವಿನ್. ಡಾರ್ವಿನ್ನನ ಪರವಾಗಿ ವಾದಿಸಿದ ಹಕ್ಸ್‌ಲಿಯೇ ಅವರಿಗೆ ಪಾಠ ಮಾಡಿದ ಮೇಷ್ಟ್ರು. ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಮನುಷ್ಯ ಎಷ್ಟರವನು ಅನ್ನುವ ದಿಗಿಲೇ ಆ ಕಥೆಯ ಜೀವ. 'ಕರ್ವಾಲೊ' ಅದೇ ಸಾಲಿನದು.

ಇನ್ನೂ ಹತ್ತಿರದ ಸಂಬಂಧಿಯೆಂದರೆ ಕಾನನ್ ಡಾಯ್ಲ್ 1912ರಲ್ಲಿ ಬರೆದ 'ದಿ ಲಾಸ್ಟ್ ವರ್ಲ್ಡ್'. ಅಲ್ಲೂ ಒಬ್ಬ ಪ್ರೊಫೆಸರ್, ಒಂದು ತಂಡ, ಕಾಲ ಮರೆತು ಬದುಕಿರುವ ಪ್ರಾಣಿಗಳ ಹುಡುಕಾಟ. (ಎರಡನ್ನೂ ಓದದವರು ಮುಂದಿನ ಎರಡು ಸಾಲು ಬಿಟ್ಟುಬಿಡಿ.) ಪ್ರೊಫೆಸರ್ ಚಾಲೆಂಜರ್ ಜೀವಂತ ಟೆರೊಡ್ಯಾಕ್ಟಿಲನ್ನು ಲಂಡನ್ನಿಗೆ ತಂದು, ತುಂಬಿದ ಸಭೆಯಲ್ಲಿ ಪೆಟ್ಟಿಗೆ ತೆರೆದು ತೋರಿಸಿ ಗೆಲ್ಲುತ್ತಾನೆ. ಕರ್ವಾಲೊಗೆ ಆ ಗೆಲುವಿಲ್ಲ; ಓತಿ ಕಣಿವೆಯತ್ತ ತೇಲಿ ಮರೆಯಾಗುತ್ತದೆ, ಇವರು ನೋಡುತ್ತಾ ನಿಲ್ಲುತ್ತಾರೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಮಂದಣ್ಣ. ಡಾಯ್ಲ್ ಕಥೆಯಲ್ಲಿ ಸ್ಥಳೀಯರು ಹೊರೆ ಹೊರುವವರು, ದಾರಿ ತೋರುವವರು, ಅಷ್ಟೇ. ಇಲ್ಲಿ ಮದುವೆಯಾಗಬೇಕು, ಒಂದು ನೌಕರಿ ಸಿಗಬೇಕು ಅಂತ ಒದ್ದಾಡುವ, ಊರವರು ಕೆಲಸಕ್ಕೆ ಬಾರದವನೆಂದು ಬಿಟ್ಟ ಮಂದಣ್ಣನಲ್ಲೇ ವಿಜ್ಞಾನಿ ಇದ್ದಾನೆ ಅಂತ ಕರ್ವಾಲೊ ಗುರುತಿಸುತ್ತಾರೆ. ಜಗತ್ತಿನ ಸೈನ್ಸ್ ಫಿಕ್ಷನ್ನಿಗೆ ಕನ್ನಡ ಕೊಟ್ಟ ಸ್ವಂತ ಕಾಣಿಕೆ ಇದು ಅಂತ ನನ್ನ ಅಂದಾಜು.

ಇದಕ್ಕೆ ಬೇಕಾದ ಭಾಷೆಯೂ ಆಕಾಶದಿಂದ ಬಿದ್ದದ್ದಲ್ಲ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ' ತಂದರು, ಆಮೇಲೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು. ನಮ್ಮ ಬಂಟ್ವಾಳ ತಾಲೂಕಿನವರೇ ಆದ ಅಡ್ಯನಡ್ಕ ಕೃಷ್ಣಭಟ್ಟರು ಭೌತವಿಜ್ಞಾನವನ್ನು ಕನ್ನಡದಲ್ಲಿ ಬರೆದು ಬರೆದು ಪಳಗಿಸಿದರು.

ನನ್ನೂರು ನೇತ್ರಾವತಿ ದಡದ ನರಿಕೊಂಬು. ಅಲ್ಲಿಯವರಿಗೆ 'ಕರ್ವಾಲೊ' ಓದುವಾಗ ಒಂದು ತಮಾಷೆ ಉಂಟು. ಕಾದಂಬರಿಯವರು ಕಾಡುಮೇಡು ಅಲೆದು ಹುಡುಕುವ ಹಾರುವ ಓತಿ ನಮ್ಮ ಕಡೆಯ ಅಡಿಕೆ ತೋಟಗಳಲ್ಲೇ ಇರುವ ಪ್ರಾಣಿ! 1837ರಲ್ಲೇ ವಿಜ್ಞಾನ ಅದಕ್ಕೆ ಡ್ರಾಕೊ ಡುಸ್ಸುಮಿಯೆರಿ ಅಂತ ಹೆಸರಿಟ್ಟಾಗಿದೆ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಚರ್ಮ ಕೊಡೆಯಂತೆ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿನ್ನುತ್ತದೆ, ಗಂಡು ಗಂಟಲಿನ ಹಳದಿ ಚೀಲ ಬೀಸುತ್ತದೆ. ನೆಲಕ್ಕಿಳಿಯುವುದೇ ಅಪರೂಪ, ಹೆಣ್ಣು ಮೊಟ್ಟೆ ಇಡಲಿಕ್ಕೆ ಇಳಿಯುತ್ತದೆ.

ಹಾಗಾಗಿ ಅದನ್ನು ಮುಖಾಮುಖಿ ಕಂಡವರು ಯಾರೆಂದರೆ ಕೊನೆ ಕೊಯ್ಯಲಿಕ್ಕೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲಿಕ್ಕೆ ಮರ ಹತ್ತಿದವರು. ಮಂದಣ್ಣನ ಜಾತಿಯ ಜ್ಞಾನ ಅದು, ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ. ಈಗ ಮರ ಹತ್ತುವವರು ಸಿಕ್ಕುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊಯ್ಯುತ್ತಾರೆ, ಮದ್ದೂ ಬಿಡುತ್ತಾರೆ. ಬಿದ್ದು ಸೊಂಟ ಮುರಿದುಕೊಳ್ಳುವವರು ಕಡಿಮೆಯಾದರೆ ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಓತಿಯ ಬಣ್ಣ ಅಡಿಕೆ ಮರದ ಬಣ್ಣವೇ. ಕತ್ತೆತ್ತಿ ಎಷ್ಟು ನೋಡಿದರೂ, ಅದು ಹಾರದೆ ಸುಮ್ಮನೆ ಕೂತಿದ್ದರೆ ಕೆಳಗಿನಿಂದ ಕಾಣುವುದಿಲ್ಲ.