ಸಂಡೂರಿನ ಗಾಳಿ, ಮಳೆಗಾಲದ್ದೂ ಮಾಗಿಯದ್ದೂ

ಬಳ್ಳಾರಿಯ ಬಿಸಿಲಿಗೆ ಬಸವಳಿದ ಬ್ರಿಟಿಷ್ ದಂಡಿನವರನ್ನು ಗಾಳಿ ಬದಲಾಗಲಿ ಎಂದು ಕಳಿಸುತ್ತಿದ್ದದ್ದು ಸಂಡೂರಿನ ರಾಮನದುರ್ಗಕ್ಕೆ. 1840ರ ದಶಕದಲ್ಲಿ ಸುಮಾರು 3,200 ಅಡಿ ಎತ್ತರದ ಆ ಬೆಟ್ಟದ ಮೇಲೆ ಅವರಿಗೊಂದು ಆರೋಗ್ಯಧಾಮ ಎದ್ದಿತು. ಈಗ ಸಂಡೂರು ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೆಂಪು ಧೂಳು. ಆ ಕಾಲದ ಹೆಸರೂ ಸುಳ್ಳಲ್ಲ, ಈ ಕಾಲದ್ದೂ ಸುಳ್ಳಲ್ಲ. ಎರಡನ್ನೂ ತಂದುಕೊಟ್ಟದ್ದು ಅವೇ ಬೆಟ್ಟಗಳು.

ಊರು ಕೂತಿರುವುದು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿ. ಧಾರವಾಡ ಶಿಲಾವರ್ಗದ ಕಲ್ಲು ಬಹು ಹಿಂದೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಾಗ ಆದ ತಗ್ಗು ಇದು. ಆ ಮಡಿಕೆಗಳಲ್ಲೇ ಕಬ್ಬಿಣದ ಅದಿರು, ಮ್ಯಾಂಗನೀಸು. ಸಾಲು ಕಡಿದುಕೊಂಡು ದಾರಿ ಬಿಟ್ಟುಕೊಟ್ಟ ಇಕ್ಕಟ್ಟಿನ ಜಾಗಗಳಿಗೆ ಗಂಡಿ ಅನ್ನುತ್ತಾರೆ: ಭೀಮಗಂಡಿ, ಓಬಳಗಂಡಿ. ನಾರಿಹಳ್ಳದ ನೀರು ಹೇಗೋ ಹೊರಬಿದ್ದು ದರೋಜಿ ಕೆರೆ ಸೇರುತ್ತದೆ. ಕಣಿವೆಯ ಗಾಳಿಗೆ ಹೊರಹೋಗುವುದು ಅಷ್ಟು ಸಲೀಸಲ್ಲ.

ಅದು ಗೊತ್ತಾಗಬೇಕಾದರೆ ಮಾಗಿಯ ಚಳಿಯಲ್ಲಿ ಬರಬೇಕು. ರಾತ್ರಿ ಬೆಟ್ಟದ ಮೈ ಬೇಗ ಆರುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಗುಂಟ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲಿನ ಪದರ ಬೆಚ್ಚಗಿರುವುದರಿಂದ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಒಲೆಯ ಹೊಗೆ, ಲಾರಿಯ ಹೊಗೆ, ರಸ್ತೆಯ ಧೂಳು ಎಲ್ಲ ಒಳಗೇ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಅದು ಚದುರುವುದು. ಮಕ್ಕಳು ಶಾಲೆಗೆ ಹೊರಡುವುದು ಮಾತ್ರ ಅದಕ್ಕೂ ಮೊದಲೇ.

ಬೇಸಿಗೆಯ ಕಾಟ ಬೇರೆ ಬಗೆಯದು. ನೆಲ ಕಾದು ಗಾಳಿ ಮೇಲೇಳುವುದರಿಂದ ಹೊಗೆ ಎತ್ತರಕ್ಕೆ ಹೋಗಿ ತೆಳುವಾಗುತ್ತದೆ, ನಿಜ. ಆದರೆ ಒಣಗಿದ ಕೆಮ್ಮಣ್ಣು ಸುಳಿಗಾಳಿಗೆ ಎದ್ದುಬಿಡುತ್ತದೆ. ಲಾರಿ ಓಡಾಡುವ ರಸ್ತೆಯ ಪಕ್ಕದ ಬೇವಿನ ಎಲೆಯೊಂದನ್ನು ಬೆರಳಲ್ಲಿ ಸವರಿ ನೋಡಿ. ಬರೀ ಹೊಲದ ಮಣ್ಣಾಗಿದ್ದರೆ ಮಾಸಲಾಗಿ ಅಂಟುತ್ತಿತ್ತು. ಇದು ನುಣ್ಣಗೆ ಹತ್ತಿಕೊಂಡು ಬಿಸಿಲಿಗೆ ಹಿಡಿದರೆ ಮಿಣಿಮಿಣಿ ಮಿನುಗುತ್ತದೆ, ಅದಿರಿನ ಪುಡಿ. ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿಯುತ್ತದೆ. ಮೆಣಸಿನ ಗಿಡದ ಎಲೆಗೂ ಹತ್ತಿಯ ಅರಳಿಗೂ ಕೂರುವುದು ಇದೇ.

ಮುಂಗಾರು ಹಿಡಿಯಿತೆಂದರೆ ಪಡುವಣ ಗಾಳಿ ಜೋರು, ಆಕಾಶ ತೊಳೆದಂತೆ. ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ ಬೆಟ್ಟ ಪೂರ್ತಿ ಹಸಿರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು 1934ರಲ್ಲಿ ಬಂದಿದ್ದ ಗಾಂಧೀಜಿ ಹೇಳಿದರೆಂದು ಊರವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಧೂಳು ಕೆಸರಾಗಿರುತ್ತದೆ, ಅಷ್ಟೇ. ನಾಲ್ಕು ದಿನ ಹೊಳವಾದರೆ ಟಿಪ್ಪರ್ ಗಾಲಿಗೆ ಅಂಟಿ ಊರೊಳಗೆ ಬಂದ ಆ ಕೆಸರೇ ಒಣಗಿ ಮತ್ತೆ ಧೂಳು.

ಕಣಿವೆ, ಕಾಲಮಾನ ಮೊದಲಿನಿಂದಲೂ ಇದ್ದವು. ಧೂಳು ಈ ಪರಿ ಇರಲಿಲ್ಲ. ಗಣಿಗಾರಿಕೆಯೂ ಹೊಸದಲ್ಲ, ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಲ್ಲಿಂದ ಮ್ಯಾಂಗನೀಸು ಹೊರಗೆ ಹೋಗುತ್ತಿತ್ತು. ಲೆಕ್ಕ ತಪ್ಪಿದ್ದು 2000ದ ನಂತರ, ಚೀನಾದಲ್ಲಿ ಅದಿರಿಗೆ ಬೇಡಿಕೆ ಕುದುರಿದಾಗ. ರೈಲು ಸಾಲದೆ ಲಾರಿಗಳ ಸಾಲು ಬೇಲೆಕೇರಿ, ಕೃಷ್ಣಪಟ್ಟಣಂ ಬಂದರುಗಳ ಕಡೆ ಹೊರಟಿತು. ಹೊಲ ಬಿಟ್ಟು ಲಾರಿ ಕೊಂಡವರೂ ಇದ್ದರು. ಅವರನ್ನು ದೂರುವುದು ನನಗೆ ಸರಿ ಕಾಣದು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಬೆಟ್ಟ ಅದೇ, ಚಳಿಗಾಲ ಅದೇ, ಲಾರಿ ಮಾತ್ರ ತೀರ ಕಡಿಮೆ. ಧೂಳಿನಲ್ಲಿ ಲಾರಿಯ ಪಾಲೆಷ್ಟು ಎಂದು ತಿಳಿಯಲು ಇಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ತಾನಾಗಿ ಏರ್ಪಡಿಸಲಾರ. 2013ರಲ್ಲಿ ಷರತ್ತುಗಳೊಂದಿಗೆ ಗಣಿಗಾರಿಕೆಗೆ ಮತ್ತೆ ಅನುಮತಿ ಸಿಕ್ಕಿತು. ಈಗ ಸ್ವಲ್ಪ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ತಾಡಪತ್ರಿ, ನೀರು ಚಿಮುಕಿಸುವ ಟ್ಯಾಂಕರು.

ದೇಶದ ಮಾನದಂಡದ ಪ್ರಕಾರ ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು, ವರ್ಷದ ಸರಾಸರಿ 60. ಸಂಡೂರಿನಂಥ ಊರಲ್ಲಿ ವರ್ಷದ ಅಂಕಿ ಹೇಳುವುದು ಕಡಿಮೆ. ಉತ್ತರಿ ಮಳೆಯ ತಿಳಿಗಾಳಿಯೂ ಪುಷ್ಯಮಾಸದ ಬೆಳಗಿನ ಮಬ್ಬೂ ಅದರಲ್ಲಿ ಕಲಸಿಹೋಗಿರುತ್ತವೆ. ಕಣ ಅಳೆಯುವ ಯಂತ್ರ ಎಲ್ಲಿಟ್ಟರು ಎನ್ನುವುದೂ ಅಷ್ಟೇ ಮುಖ್ಯ: ಗುಡ್ಡದ ನೆತ್ತಿಯಲ್ಲೋ, ಲಾರಿ ಹಾಯುವ ರಸ್ತೆಯ ಮನೆಯ ಮಾಳಿಗೆಯ ಮೇಲೋ? ಯಾರಾದರೂ ಊರಿನ ಗಾಳಿ ಚೆನ್ನಾಗಿದೆಯೆಂದು ವರದಿ ತೋರಿಸಿದರೆ, ಜನವರಿಯ ಬೆಳಗಿನ ಏಳರಿಂದ ಒಂಬತ್ತರವರೆಗಿನ ಅಂಕಿಯನ್ನು ಪ್ರತ್ಯೇಕವಾಗಿ ಕೇಳಬೇಕು.