ಹೆಸರಿಟ್ಟು ಕರೆದರೆ ಹಸು ಹೆಚ್ಚು ಹಾಲು ಕೊಡುತ್ತದೆಯೇ?

‘ಹಸುವಿಗೆ ಹೆಸರಿಟ್ಟು ಕರೆಯಿರಿ, 258 ಲೀಟರ್ ಹಾಲು ಹೆಚ್ಚು ಸಿಗುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ!’ ಇಂಥದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅಂಕಿ ಸುಳ್ಳಲ್ಲ. ತೀರ್ಮಾನ ಮಾತ್ರ ಅವಸರದ್ದು.

2009ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ 516 ಹೈನುಗಾರರ ಸಮೀಕ್ಷೆ ಪ್ರಕಟಿಸಿದರು. ಹಸುಗಳನ್ನು ಹೆಸರಿನಿಂದ ಕರೆಯುವ ಫಾರಂಗಳಲ್ಲಿ ಸರಾಸರಿ ಇಳುವರಿ 258 ಲೀಟರ್ ಹೆಚ್ಚಿತ್ತು. ಆದರೆ ಇದು ಪ್ರಶ್ನಾವಳಿ, ಪ್ರಯೋಗವಲ್ಲ. ಹೆಸರಿಡುವಷ್ಟು ಅಕ್ಕರೆ ಇರುವವರು ಮೇವು, ನೀರು, ಕೆಚ್ಚಲು ಬಾವಿನ ಬಗ್ಗೆಯೂ ಹೆಚ್ಚು ಗಮನ ಕೊಡುತ್ತಿರಬಹುದು. (ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಅದೇ ವರ್ಷ ಇದಕ್ಕೆ ಸಿಕ್ಕಿತು.)

ಹಾಗಂತ ಹಸುವಿನ ಮನಸ್ಸಿಗೂ ಹಾಲಿಗೂ ಸಂಬಂಧವಿಲ್ಲ ಎಂದಲ್ಲ. ಕೆಚ್ಚಲಿನಲ್ಲಿರುವ ಹಾಲಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ಹಿಂಡಿದ ಕೂಡಲೇ ಬರುತ್ತದೆ. ಉಳಿದದ್ದು ಸಣ್ಣ ಸಣ್ಣ ಚೀಲಗಳಲ್ಲಿರುತ್ತದೆ. ಕರು ಮೊಲೆ ಚೀಪಿದಾಗ ಅಥವಾ ನಾವು ಕೆಚ್ಚಲು ತೊಳೆದು ಸವರಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಹಾರ್ಮೋನ್ ಬಿಡುಗಡೆಯಾಗಿ ಆ ಚೀಲಗಳನ್ನು ಹಿಂಡುತ್ತದೆ. ಹಸು ಬೆದರಿದರೆ ಅಡ್ರಿನಲಿನ್ ಹೆಚ್ಚಿ ಈ ಕೆಲಸಕ್ಕೆ ಅಡ್ಡಿಯಾಗುತ್ತದೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಕಾಗದದ ಚೀಲಗಳನ್ನು ಢಂ ಎನಿಸಿ ಇದನ್ನು ತೋರಿಸಿದ್ದರು. ಪಾಪದ ಹಸು!

ನಮ್ಮಜ್ಜಿ ಊರಿಗೆ ಹೋದ ದಿನ ಹಸು ಬೇರೆಯವರಿಗೆ ಅರ್ಧ ತಂಬಿಗೆಯೂ ಕೊಡುತ್ತಿರಲಿಲ್ಲ. ‘ಹಾಲು ಕದೀತದೆ’ ಎಂದು ಮನೆಯವರು ಬೈಯುತ್ತಿದ್ದರು. ಕಳ್ಳತನವಲ್ಲ, ಅಪರಿಚಿತ ಕೈಯ ಅಂಜಿಕೆ.

ಇಲ್ಲೇ ಅಪಾಯವಿರುವುದು. ಹಾಲು ಬಿಡದ ಹಸುವಿಗೆ ಕೆಲವರು ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚುತ್ತಾರೆ. ಅದು ಇರುವ ಹಾಲನ್ನು ಇಳಿಸುತ್ತದೆಯೇ ಹೊರತು ಹಾಲು ಹೆಚ್ಚು ತಯಾರಾಗುವಂತೆ ಮಾಡುವುದಿಲ್ಲ. ಹಾಲಿಗಾಗಿ ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂಥ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ.

ಒದೆಯುವ ಹಸುವನ್ನೂ ‘ಪೊಗರು’ ಎಂದು ಹೊಡೆಯಬೇಡಿ. ಮೊದಲು ಮೊಲೆಯಲ್ಲಿ ಬಿರುಕಿದೆಯೇ, ಕೆಚ್ಚಲು ಬಿಸಿಯಾಗಿದೆಯೇ, ಹಾಲಿನಲ್ಲಿ ಗರಣೆ ಬರುತ್ತಿದೆಯೇ ನೋಡಿ. ಇದ್ದರೆ ಪಶುವೈದ್ಯರನ್ನು ಕರೆಸಿ. ಇಲ್ಲದಿದ್ದರೆ ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಆದಷ್ಟು ಅದೇ ವ್ಯಕ್ತಿ ಕರೆಯಲಿ. ಕೆಚ್ಚಲು ತೊಳೆದ ಮೇಲೆ ಒಂದು ನಿಮಿಷ ಬಿಟ್ಟು ಶುರುಮಾಡಿ, ಏಳೆಂಟು ನಿಮಿಷದೊಳಗೆ ಮುಗಿಸಿ. ಗೌರಿ ಎಂದು ಕರೆಯುವುದು ನಿಮ್ಮಿಷ್ಟ.